ಇಪ್ಪತ್ನಾಲ್ಕನೆಯ ಮೊಳೆ

ನೀವು ಕೂತಿರುವ ಕುರ್ಚಿಗೆ ಮೆತ್ತೆಯಿದ್ದರೆ ಒಂದು ಗಳಿಗೆ ಎದ್ದು ಅದನ್ನು ಬೋರಲು ಹಾಕಿ ನೋಡಿ. ಬಟ್ಟೆ ಮಡಚಿದ ಅಂಚಿನುದ್ದಕ್ಕೂ ಇರುವೆ ಸಾಲಿನಂತೆ ಸಣ್ಣ ಸಣ್ಣ ಮೊಳೆಯ ತಲೆಗಳು ಕಾಣುತ್ತವೆ. ಹಳೆಯ ಕುರ್ಚಿಯಾದರೆ, ಆ ಒಂದೊಂದು ಮೊಳೆಯೂ ಒಬ್ಬ ಮನುಷ್ಯನ ಬಾಯಿಂದ ಬಂದದ್ದು. ಹೇಸಿಗೆ ಅನ್ನಿಸಿತೇ? ಅನ್ನಿಸಲಿ. ನಿಮ್ಮ ಬೆನ್ನಿಗೆ ಮೆತ್ತಗಿರಲೆಂದು ಬಾಯೊಳಗೆ ಕಬ್ಬಿಣ ಇಟ್ಟುಕೊಂಡವನಿಗೆ ಮೂವತ್ತೊಂದು ವರ್ಷ ಏನು ಅನ್ನಿಸಿತೆಂದು ಯಾರೂ ಕೇಳಿಲ್ಲ. ಕೇಳಿದ್ದರೂ ಅವನು ಹೇಳುವಂತಿರಲಿಲ್ಲ. ಬಾಯಿ ತುಂಬಿತ್ತು.

ಅವನನ್ನು ಕುರ್ಚಿ ರಿಪೇರಿಯ ಶೆಡ್ಡಿನಲ್ಲಿ ಎಲ್ಲರೂ ಮೇಸ್ತ್ರಿ ಅನ್ನುತ್ತಾರೆ, ಬೆನ್ನ ಹಿಂದೆ ಮೌನಿ ಅನ್ನುತ್ತಾರೆ. ವಯಸ್ಸು ಐವತ್ತನಾಲ್ಕು. ಒಣಗಿದ ಬೆತ್ತದಂಥ ಮೈ, ಎಡಗೈ ಮಾತ್ರ ಜಟ್ಟಿಯದು. ಯಾಕೆಂದರೆ ಕುರ್ಚಿಯ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿಯುವುದು ಆ ಕೈ. ಬಲಗೈಯಲ್ಲಿ ಸುತ್ತಿಗೆ. ಮೊಳೆ ಎತ್ತಿಕೊಳ್ಳಲು ಎಡಗೈ ಬಿಟ್ಟರೆ ಬಟ್ಟೆ ಸಡಿಲ, ಬಲಗೈ ಬಿಟ್ಟರೆ ಸುತ್ತಿಗೆ ಕಾಲ ಮೇಲೆ. ದೇವರು ಮೂರನೇ ಕೈ ಕೊಡಲಿಲ್ಲ. ಯಜಮಾನರು ಎರಡನೇ ಆಳನ್ನು ಕೊಡಲಿಲ್ಲ. ಹಾಗಾಗಿ ಬಾಯಿಯೇ ಕೈಯಾಯಿತು.

ಅದೊಂದು ವಿದ್ಯೆಯೇ. ಒಂದು ಕುರ್ಚಿಯ ಆಸನಕ್ಕೆ ಬದಿಗೆ ಆರರಂತೆ ಇಪ್ಪತ್ನಾಲ್ಕು ಮೊಳೆ. ಅಷ್ಟನ್ನೂ ಒಂದೇ ಸಲಕ್ಕೆ ದವಡೆಯೊಳಗೆ ಸುರಿದುಕೊಳ್ಳಬೇಕು. ನಾಲಿಗೆ ಒಂದನ್ನು ಆರಿಸಿ, ತಿರುಗಿಸಿ, ತಲೆ ಮುಂದೆ ಮೊನೆ ಹಿಂದೆ ಮಾಡಿ ತುಟಿಯ ನಡುವೆ ತಂದು ನಿಲ್ಲಿಸುತ್ತದೆ. ಸುತ್ತಿಗೆಯ ಸಣ್ಣ ತುದಿಗೆ ಕಬ್ಬಿಣ ಸೆಳೆಯುವ ಗುಣವಿದೆ. ಅದನ್ನು ತುಟಿಯ ಹತ್ತಿರ ತಂದರೆ ಮೊಳೆ ಅಂಟಿಕೊಳ್ಳುತ್ತದೆ. ಟಕ್ ಎಂದು ಊರಿ, ಸುತ್ತಿಗೆ ಮಗುಚಿ, ಠಣ್ ಎಂದು ಹೊಡೆಯುವುದು. ಟಕ್, ಠಣ್. ಟಕ್, ಠಣ್. ಬಾಯಿ ಖಾಲಿಯಾದರೆ ಆಸನ ಮುಗಿಯಿತು ಅಂತ ಅರ್ಥ. ಲೆಕ್ಕ ಇಡುವುದೂ ನಾಲಿಗೆಯೇ. ಈಗ ಪಿನ್ನು ಹೊಡೆಯುವ ಯಂತ್ರ ಬಂದಿದೆಯಲ್ಲ ಎನ್ನುವ ಜಾಣರಿಗೆ ಒಂದು ಮಾತು: ಹಳೆಯ ಕುರ್ಚಿಗಳ ಗಟ್ಟಿಮರಕ್ಕೆ ಆ ಪಿನ್ನು ನಾಟುವುದಿಲ್ಲ, ಬಾಗುತ್ತದೆ.

ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಮೇಸ್ತ್ರಿಯ ಭಾಷೆ ಎರಡೇ ಶಬ್ದದ್ದು. ಮೂಗಿನಿಂದ 'ಹೂಂ', ಮೂಗಿನಿಂದಲೇ 'ಊಹೂಂ'. ಅದನ್ನು ಅನುವಾದ ಮಾಡಿ ಹೇಳುತ್ತಿದ್ದವಳು ಪಕ್ಕದಲ್ಲಿ ಮಿಷನ್ ತುಳಿದು ಮೆತ್ತೆಯ ಗವಸು ಹೊಲಿಯುವ ಹೆಂಗಸು. ಅರವತ್ತು ದಾಟಿದವಳು, ಎಲ್ಲರಿಗೂ ಚಿಕ್ಕಮ್ಮ. "ಇದು ಬೇಡ ಅನ್ನೋ ಊಹೂಂ ಅಲ್ಲ, ಹೊಟ್ಟೆ ಹಸಿದಿದೆ ಅನ್ನೋ ಊಹೂಂ" ಎಂದು ಅವಳು ಹೇಳಿದರೆ ಅದು ಖಚಿತ.

ಯಜಮಾನರಿಗೆ ಈ ಮೌನ ಬಲು ಇಷ್ಟ. ಹೊಸದಾಗಿ ಸೇರಿದವರಿಗೆಲ್ಲ ತೋರಿಸುತ್ತಿದ್ದರು: "ನೋಡಿ ಕಲೀರಿ. ಮೂವತ್ತೊಂದು ವರ್ಷದಲ್ಲಿ ಒಂದು ದಿನ ಎದುರು ಮಾತಾಡಿದ್ದುಂಟಾ ಮನುಷ್ಯ?"

ಬಾಯಲ್ಲಿ ಇಪ್ಪತ್ನಾಲ್ಕು ಮೊಳೆ ಇಟ್ಟುಕೊಂಡು ಎದುರು ಮಾತಾಡುವುದು ಹೇಗೆ ಎಂದು ಅವರೇ ಒಮ್ಮೆ ತೋರಿಸಿಕೊಡಬಹುದಿತ್ತು.

ಮನೆಯಲ್ಲೂ ಅಷ್ಟೇ. ಹೆಂಡತಿ ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವವಳು. ದಿನವಿಡೀ ಗಾಜಿನ ತೂತಿನಿಂದ ಊರಿಗೆಲ್ಲ ಉತ್ತರ ಹೇಳಿ ಬಂದವಳ ಬಾಯಿ ಮನೆಗೆ ಬಂದಮೇಲೂ ನಿಲ್ಲುವುದಿಲ್ಲ. ಮೊಳೆಗೆ ಒಗ್ಗಿದ ಅವನ ಬಾಯಿ ಮನೆಗೆ ಬಂದಮೇಲೂ ತೆರೆಯುವುದಿಲ್ಲ. "ನಮ್ಮನೇಲಿ ಮಾತಾಡೋ ಖಾತೆ ನನ್ನದು, ಕೇಳೋ ಖಾತೆ ಅವರದು. ಅದಕ್ಕೇ ಸರ್ಕಾರ ಬಿದ್ದಿಲ್ಲ" ಅನ್ನುತ್ತಿದ್ದಳು ಆಕೆ.

ಹೀಗಿರುವಾಗ ಒಂದು ಸೋಮವಾರ ಸರ್ಕಾರ ಅಲುಗಾಡಿತು.

ಪೇಟೆಯ ಹಳೆಯ ನಾಟಕಮಂದಿರಕ್ಕೆ ನಾನೂರು ಕುರ್ಚಿಗಳ ಮೆತ್ತೆ ಹೊಸದು ಮಾಡಬೇಕಿತ್ತು. ತೆರೆ ಏಳಲು ಐದು ವಾರ ಉಳಿದಿತ್ತು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಯಜಮಾನರು ಕೆಲಸ ನೋಡಲು ಬಂದು, ಸುಮ್ಮನೆ ನೋಡಿ ಹೋಗದೆ, ಒಂದು ಕುರ್ಚಿಯ ಮೇಲೆ ಧೊಪ್ಪನೆ ಕೂತರು. ಅದಿನ್ನೂ ರಿಪೇರಿಯಾಗದ ಹಳೆಯ ಸ್ಪ್ರಿಂಗಿನ ಕುರ್ಚಿ. ಅದು ಒಂದು ದೀರ್ಘವಾದ, ಮರ್ಯಾದಸ್ಥರ ನಡುವೆ ಬರಬಾರದ ಸದ್ದು ಮಾಡಿತು.

ಯಜಮಾನರು ಕೆಂಪಗಾಗಿ, "ಈ ಸದ್ದು ನಿಲ್ಲಬೇಕು!" ಎಂದರು.

ಚಿಕ್ಕಮ್ಮ ಮಿಷನ್ನಿನಿಂದ ಕಣ್ಣೆತ್ತದೆ ಹೇಳಿದಳು: "ಕುರ್ಚೀದಾದ್ರೆ ನಿಲ್ಲಿಸ್ತೀವಿ ಯಜಮಾನ್ರೇ."

ಮೇಸ್ತ್ರಿಗೆ ನಗು ಉಕ್ಕಿತು. ಆಗ ಅವನ ಬಾಯಲ್ಲಿ ಒಂಬತ್ತು ಮೊಳೆ. ತುಟಿ ಬಿಗಿಹಿಡಿದ, ಕಣ್ಣಲ್ಲಿ ನೀರು ಬಂತು, ಮೂಗಿನಿಂದ ಗೊರಕ್ ಎಂದು ಏನೋ ಹೊರಟಿತು, ಮತ್ತೇನೋ ಒಳಗಿಳಿಯಿತು. ಎಷ್ಟು ಸಲೀಸಾಗಿ ಇಳಿಯಿತೆಂದರೆ ಅವನಿಗೇ ಗೊತ್ತಾಗಲಿಲ್ಲ. ಟಕ್, ಠಣ್ ಮುಂದುವರಿಯಿತು. ಕೊನೆಯ ಬದಿಗೆ ಬಂದಾಗ ಐದು ಮೊಳೆ ಹೊಡೆದ. ಆರನೆಯದಕ್ಕೆ ನಾಲಿಗೆ ಎಡದವಡೆ ತಡಕಿತು, ಬಲದವಡೆ ತಡಕಿತು. ಬಾಯಿ ಖಾಲಿ. ಆಸನದ ಮೂಲೆಯಲ್ಲಿ ಒಂದು ಮೊಳೆಯ ಜಾಗ ಬಿದ್ದುಹೋದ ಹಲ್ಲಿನಂತೆ ಬಾಯಿ ಬಿಟ್ಟುಕೊಂಡಿತ್ತು.

ಶೆಡ್ಡಿನ ಮೂಲೆಯಲ್ಲಿ, ಕೆಟ್ಟುಹೋದ ಹಳೆಯ ಸ್ಪೀಕರಿನಿಂದ ಕಿತ್ತ ಒಂದು ಆಯಸ್ಕಾಂತವಿದೆ. ದಾರ ಕಟ್ಟಿ ನೆಲದ ಮೇಲೆ ಎಳೆದರೆ ಬಿದ್ದ ಮೊಳೆಗಳನ್ನೆಲ್ಲ ಬಾಚಿಕೊಳ್ಳುತ್ತದೆ. ಮೇಸ್ತ್ರಿ ಅದನ್ನು ನಾಯಿ ಅಡ್ಡಾಡಿಸುವವನಂತೆ ಕುರ್ಚಿಯ ಸುತ್ತ ಮೂರು ಸುತ್ತು ಎಳೆದ. ಮೂರು ತುಕ್ಕು ಮೊಳೆ, ಚಿಕ್ಕಮ್ಮ ಹೋದ ವರ್ಷ ಕಳೆದುಕೊಂಡ ತಲೆಪಿನ್ನು ಸಿಕ್ಕವು. ಹೊಸ ಮೊಳೆ ಸಿಗಲಿಲ್ಲ.

"ಚಿಕ್ಕಮ್ಮಾ," ಎಂದ. ಕೆಲಸದ ಹೊತ್ತಿನಲ್ಲಿ ಅವನ ಗಂಟಲಿಂದ ಪೂರ್ತಿ ಪದ ಬಂದದ್ದು ಕೇಳಿಯೇ ಆಕೆ ಮಿಷನ್ ನಿಲ್ಲಿಸಿದಳು. "ಒಂದು ಒಳಗೆ ಹೋಯ್ತು ಅನ್ಸುತ್ತೆ."

"ಅಯ್ಯೋ, ನನ್ನ ಬಾಯಿಗೆ ಬೆಂಕಿ ಹಾಕ! ನಡಿ ಆಸ್ಪತ್ರೆಗೆ."

ಯಜಮಾನರ ಅಪ್ಪಣೆ ಕೇಳಬೇಕಲ್ಲ. ಕೇಳಿದ. ಅವರು ಕನ್ನಡಕದ ಮೇಲಿನಿಂದ ನೋಡಿ, "ಅಷ್ಟಕ್ಕೆಲ್ಲ ಆಸ್ಪತ್ರೆಯಾ? ಬಾಳೆಹಣ್ಣು ತಿನ್ನು, ಜಾರ್ಕೊಂಡು ಹೋಗುತ್ತೆ. ನನ್ನ ತಮ್ಮ ಚಿಕ್ಕವನಿದ್ದಾಗ ನಾಣ್ಯ ನುಂಗಿದ್ದ. ಏನಾಯ್ತು? ಇವತ್ತು ವಕೀಲ" ಎಂದರು.

ನಾಣ್ಯ ದುಂಡಗಿರುತ್ತದೆ, ಮೊಳೆಗೆ ಮೊನೆಯಿರುತ್ತದೆ. ಇಷ್ಟು ತಿಳಿಯಲು ವಕೀಲನ ಅಣ್ಣನಾಗಬೇಕಿಲ್ಲ. ಆದರೆ ಹೊಟ್ಟೆ ಅವರದಲ್ಲ, ನಾನೂರು ಕುರ್ಚಿ ಅವರದು. ಮೇಸ್ತ್ರಿ 'ಹೂಂ' ಎಂದು ಬಂದು ಇನ್ನೊಂದು ಹಿಡಿ ಮೊಳೆ ಬಾಯಿಗೆ ಸುರಿದುಕೊಂಡ. ಆ ಹೂಂ ಎಂಥದ್ದೆಂದು ಚಿಕ್ಕಮ್ಮನಿಗೆ ಗೊತ್ತಿತ್ತು. ಆಕೆ ಇಪ್ಪತ್ತಮೂರೇ ಮೊಳೆಯ ಆ ಕುರ್ಚಿಯನ್ನು ಗೋಡೆಯ ಬದಿಗೆ ಎಳೆದು, ಹಳೆ ಪರದೆಯೊಂದನ್ನು ಹೊದಿಸಿ, "ಇದನ್ನ ಯಾರೂ ಮುಟ್ಟಬೇಡಿ" ಎಂದು ಎಲ್ಲರಿಗೂ ಸಾರಿದಳು.

ಆಮೇಲಿನ ಎರಡು ದಿನ ಊರಿಗೆ ಊರೇ ವೈದ್ಯನಾಯಿತು. ಮರ ಕುಯ್ಯುವವನು ಹರಳೆಣ್ಣೆ ಕುಡಿ ಎಂದ. ಬಣ್ಣ ಬಳಿಯುವವನು ಹತ್ತಿಯುಂಡೆ ನುಂಗು, ಮೊಳೆಗೆ ಸುತ್ತಿಕೊಳ್ಳುತ್ತದೆ ಎಂದ. ಲಾರಿಯವನು ಆ ಸ್ಪೀಕರಿನ ಆಯಸ್ಕಾಂತವನ್ನೇ ಹೊಟ್ಟೆಗೆ ಕಟ್ಟಿಕೊಂಡು ಕೆಳಗೆ ಕೆಳಗೆ ಸರಿಸುತ್ತ ಹೋಗು, ದಾರಿ ತೋರಿಸಿದಂತಾಗುತ್ತದೆ ಎಂದ. ಎಲ್ಲರೂ ಕೊನೆಗೆ ಕೇಳಿದ ಪ್ರಶ್ನೆ ಒಂದೇ: "ಅಲ್ಲ ಮಾರಾಯ, ಬಾಯಲ್ಲಿ ಯಾಕೆ ಇಟ್ಕೊಂಡೆ?" ಬಾಯಲ್ಲಲ್ಲದೆ ಮತ್ತೆಲ್ಲಿ ಇಟ್ಟುಕೊಳ್ಳಬೇಕಿತ್ತು ಎಂದು ಮಾತ್ರ ಒಬ್ಬನೂ ಹೇಳಲಿಲ್ಲ.

ಪುಣ್ಯಕ್ಕೆ ಅವನು ಬಾಳೆಹಣ್ಣು ಬಿಟ್ಟು ಬೇರೇನನ್ನೂ ಮಾಡಲಿಲ್ಲ. ಮನೆಯಲ್ಲಿ ಹೇಳಲೂ ಇಲ್ಲ. ಹೆಂಡತಿ ಕಂಡುಹಿಡಿದದ್ದು ಬೇರೆ ದಾರಿಯಿಂದ. ಬುಧವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಹಿಟ್ಟಿನ ಜರಡಿ ಕಾಣಲಿಲ್ಲ. ಹುಡುಕುತ್ತ ಹೋದರೆ ಅದು ಕಕ್ಕಸಿನ ಬಾಗಿಲ ಹಿಂದೆ, ತೊಳೆದು, ಮೊಳೆಗೆ ನೇತುಹಾಕಿದ ಸ್ಥಿತಿಯಲ್ಲಿತ್ತು.

"ರೀ! ಈ ಜರಡಿ ಇಲ್ಲೇನ್ ಮಾಡ್ತಿದೆ?"

ಅವನು ನೆಲ ನೋಡಿದ.

"ಬಾಯಲ್ಲಿ ಈಗ ಮೊಳೆ ಇಲ್ವಲ್ಲ, ಹೇಳ್ರಿ!"

"ಬಾಯಲ್ಲಿಲ್ಲ ಕಣೇ," ಎಂದ ಅವನು. "ಹೊಟ್ಟೇಲಿದೆ."

ಅವಳು ಟಿಕೆಟ್ ಕೌಂಟರಿಗೆ ರಜೆ ಹೇಳಿದಳು, ಹೊಸ ಜರಡಿ ತರಬೇಕೆಂದು ಮೂರು ಸಲ ಹೇಳಿದಳು, ಗಂಡನ ತೋಳು ಹಿಡಿದು ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಬೈದಳು. ಬೈಗುಳದ ನಡುವೆ ಕಣ್ಣೊರೆಸಿಕೊಂಡಳು. ಅವನ ಹೊಟ್ಟೆಯಲ್ಲಿ ಆ ಹೊತ್ತಿಗಾಗಲೇ ಒಂದು ಸಣ್ಣ ಚುಚ್ಚು ಶುರುವಾಗಿತ್ತು. ಅದನ್ನು ಅವನು ಹೇಳಲಿಲ್ಲ.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಳ್ಳುವವಳು. ಎಕ್ಸ್-ರೇ ಹಾಳೆಯನ್ನು ಬೆಳಕಿಗೆ ಹಿಡಿದಳು. ಬೂದುಬಣ್ಣದ ಮೋಡಗಳ ನಡುವೆ ಬೆಳ್ಳಗೆ, ಬೆರಳುಗುರಿನಷ್ಟು ಉದ್ದದ ಒಂದು ಮೊಳೆ. ತಲೆ, ಮೊನೆ ಎರಡೂ ಸ್ಪಷ್ಟ.

"ಸೋಮವಾರವೇ ಯಾಕೆ ಬರಲಿಲ್ಲ?" ಎಂದಳು. "ಹೊಟ್ಟೆಯ ಚೀಲದಲ್ಲಿ ಇದ್ದಾಗಲೇ ಬಂದಿದ್ದರೆ ಬಾಯಿಂದ ಒಂದು ನಳಿಕೆ ಬಿಟ್ಟು ಎತ್ತಿಬಿಡ್ತಿದ್ವಿ. ಈಗ ಸಣ್ಣ ಕರುಳಿಗೆ ಇಳಿದಿದೆ. ನಳಿಕೆಗೆ ಎಟುಕೋದಿಲ್ಲ."

ಹೆಂಡತಿ ಗಂಡನನ್ನು ನೋಡಿದಳು. ಗಂಡ ಗೋಡೆ ನೋಡಿದ.

ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದಳು. ಇಂಥವು ಬಹಳಷ್ಟು ಸಲ ತಾವಾಗಿಯೇ ಹೊರಗೆ ಬರುತ್ತವೆ. ಆದರೆ ಕರುಳು ತಿರುಗುವಲ್ಲಿ, ಕಿರಿದಾಗುವಲ್ಲಿ ಸಿಕ್ಕಿಕೊಂಡರೆ ಮೊನೆ ತೂತು ಮಾಡಬಹುದು. ತೂತಾದರೆ ಕರುಳಿನ ಕೊಳಕೆಲ್ಲ ಹೊಟ್ಟೆಗೆ ಸೋರುತ್ತದೆ. ಆಗ ಜೀವಕ್ಕೇ ಅಪಾಯ. ದಿನಾ ಒಂದು ಎಕ್ಸ್-ರೇ. ಮಾಮೂಲಿ ಊಟ. ಭೇದಿಗೆ ಔಷಧಿ ಕೂಡದು. ಜ್ವರ, ವಾಂತಿ, ಹೊಟ್ಟೆ ಹಲಗೆಯಂತಾಗುವುದು, ಇದರಲ್ಲಿ ಯಾವುದು ಕಂಡರೂ ಓಡಿ ಬರಬೇಕು. ಮೂರು ದಿನ ಒಂದೇ ಕಡೆ ನಿಂತರೆ ಹೊಟ್ಟೆ ಕೊಯ್ಯಬೇಕು.

"ಕೊಯ್ದರೆ ಕೆಲಸ?" ಎಂದು ಮೇಸ್ತ್ರಿ ಕೇಳಿದ. ಅವನು ಕೇಳಿದ್ದು ಇದೊಂದನ್ನೇ.

"ಎರಡು ಮೂರು ತಿಂಗಳು ಬಟ್ಟೆ ಎಳೆಯೋದು, ಭಾರ ಎತ್ತೋದು ಆಗಲ್ಲ."

ಮೂರು ತಿಂಗಳಲ್ಲಿ ಅವನ ಜಾಗದಲ್ಲಿ ಇನ್ನೊಬ್ಬನ ಬಾಯಿ ಇರುತ್ತದೆ. ಅದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಡಾಕ್ಟರಮ್ಮ ಮಾತು ಬದಲಿಸಿ, ಮೊಳೆಯನ್ನು ಬಾಯಲ್ಲಿ ಹೇಗೆ ಇಟ್ಟುಕೊಳ್ಳುತ್ತೀರಿ ಎಂದು ಕೇಳಿದಳು. ಮೇಸ್ತ್ರಿ ನಾಲಿಗೆಯಾಡಿಸಿ ತೋರಿಸಿದ: ಹೀಗೆ ತಿರುಗಿಸಿ, ತಲೆ ಮುಂದೆ, ಮೊನೆ ಹಿಂದೆ.

ಅವಳು ನಕ್ಕುಬಿಟ್ಟಳು. "ಕರುಳಿಗೂ ಅದೇ ವಿದ್ಯೆ ಗೊತ್ತು ನೋಡಿ. ಮೊನೆ ತಾಗಿದರೆ ಅದು ಹಿಂಜರಿದು, ಮೊಳೆ ತಿರುಗೋದಕ್ಕೆ ಜಾಗ ಬಿಡುತ್ತೆ. ಸಾಮಾನ್ಯವಾಗಿ ತಲೆ ಮುಂದಾಗಿಯೇ ಸಾಗುತ್ತೆ. ನಿಮ್ಮ ನಾಲಿಗೆ ಮೂವತ್ತು ವರ್ಷ ಕೆಲಸ ಮಾಡಿದೆಯಲ್ಲ, ನಿಮ್ಮ ಕರುಳಿಗೂ ಒಂದು ಅವಕಾಶ ಕೊಡೋಣ."

ಗುರುವಾರ ಮೊಳೆ ನಾಲ್ಕು ಬೆರಳು ಮುಂದೆ ಬಂದಿತ್ತು. ಶುಕ್ರವಾರ ಬಲಗಡೆ ಕೆಳಹೊಟ್ಟೆಯಲ್ಲಿ, ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಇಕ್ಕಟ್ಟಿನ ಬಾಗಿಲಲ್ಲಿ ನಿಂತಿತು. ಅವನನ್ನು ವಾರ್ಡಿಗೆ ಸೇರಿಸಿಕೊಂಡರು. ಶನಿವಾರ ಅಲ್ಲೇ. ಭಾನುವಾರವೂ ಅಲ್ಲೇ. ಚುಚ್ಚು ಹೆಚ್ಚಾಗಿತ್ತು. ಸೋಮವಾರ ಬೆಳಿಗ್ಗೆ ಕೊಯ್ಯುವುದು ಎಂದು ಡಾಕ್ಟರಮ್ಮ ಚೀಟಿ ಬರೆದಳು. "ಆದರೂ ಕೊಯ್ಯೋ ಮುಂಚೆ ಇನ್ನೊಂದು ಸಲ ಎಕ್ಸ್-ರೇ ನೋಡೇ ನೋಡ್ತೀನಿ" ಎಂದಳು.

ಭಾನುವಾರ ಮಧ್ಯಾಹ್ನ ಭೇಟಿಯ ಹೊತ್ತಿಗೆ ಯಜಮಾನರು ಬಂದರು. ಕೈಯಲ್ಲಿ ಒಂದು ಡಜನ್ ಬಾಳೆಹಣ್ಣು, ಕಂಕುಳಲ್ಲಿ ಒಂದು ಕಾಗದ. ಕೆಲಸದ ಜಾಗದಲ್ಲಿ ಆದ ಅಪಘಾತವೆಂದು ಆಸ್ಪತ್ರೆಯವರು ಕಾರ್ಮಿಕ ಇಲಾಖೆಯ ಮೇಲಿನ ಕಚೇರಿಗೆ ಬರೆದಿದ್ದರು. ಅಲ್ಲಿಂದ ಯಜಮಾನರಿಗೆ ಒಂದು ಪ್ರಶ್ನೆ ಬಂದಿತ್ತು.

"ಏನಿಲ್ಲ ಮೇಸ್ತ್ರಿ, ಒಂದು ಸಹಿ. ಮನೇಲಿ ಸ್ವಂತ ಕುರ್ಚಿ ರಿಪೇರಿ ಮಾಡ್ತಿದ್ದಾಗ ನುಂಗಿದ್ದು ಅಂತ ಬರೆಸಿದೀನಿ. ನಿನ್ನ ಜಾಗ ಎಲ್ಲೂ ಹೋಗಲ್ಲ, ನಾನಿದೀನಿ."

ಹೆಂಡತಿ ಬಾಯಿ ತೆರೆದಳು. ಮದುವೆಯಾದ ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅವನು ಕೈ ಎತ್ತಿ ಅವಳನ್ನು ತಡೆದ. ಬಾಯಿ ಖಾಲಿಯಾಗಿ ಐದು ದಿನವಾಗಿತ್ತು. ಒಳಗೆ ಜಾಗವಾಗಿತ್ತು.

"ಯಜಮಾನ್ರೇ," ಎಂದ, "ನಮ್ಮನೇಲಿ ಇರೋದು ಎರಡು ಮರದ ಸ್ಟೂಲು, ಒಂದು ಚಾಪೆ. ಮೆತ್ತೆ ಇರೋ ಕುರ್ಚಿ ಒಂದೂ ಇಲ್ಲ. ಮೊಳೆ ಎಲ್ಲಿಗೆ ಹೊಡೀತಿದ್ದೆ ಅಂತ ಬರೀಲಿ, ಚಾಪೆಗಾ?"

ಪಕ್ಕದ ಮಂಚದವನು ಕಿಸಕ್ಕನೆ ನಕ್ಕ.

"ನಾನು ಹಾಗಂದಿಲ್ಲಪ್ಪ..."

"ನೀವು ಅಂದಿದ್ದು ಬಾಳೆಹಣ್ಣು ತಿನ್ನು ಅಂತ. ತಿಂದೆ. ಸೋಮವಾರ ಬಿಟ್ಟಿದ್ರೆ ಬಾಯಿಂದಲೇ ಎತ್ತಿ ಬಿಸಾಕ್ತಿದ್ರಂತೆ. ನಾಳೆ ಹೊಟ್ಟೆ ಕೊಯ್ತಾರೆ. ಕೊಯ್ಯಲಿ. ಹೊಟ್ಟೆ ಕೊಯ್ದ ಮೇಲೂ ಆ ಮೊಳೆ ನಿಮ್ಮ ಶೆಡ್ಡಿಂದೇ. ಅಲ್ಲಿ ಗೋಡೆ ಪಕ್ಕ ಪರದೆ ಹೊದ್ದ ಒಂದು ಕುರ್ಚಿ ಇದೆ, ಹೋಗಿ ಎಣಿಸಿ. ಇಪ್ಪತ್ಮೂರು. ನಾನು ಸುಳ್ಳು ಬರೆದ್ರೂ ಕುರ್ಚಿ ಬರೆಯಲ್ಲ."

ಬಾಗಿಲಲ್ಲಿ ಚಿಕ್ಕಮ್ಮ ನಿಂತಿದ್ದಳು, ಊಟದ ಡಬ್ಬಿ ಹಿಡಿದು. "ನಾನು ಕಾಯ್ತಾ ಇದೀನಿ ಅದನ್ನ," ಎಂದಳು. "ಕೋಳಿ ಮೊಟ್ಟೆ ಕಾಯೋ ಹಾಗೆ."

ಯಜಮಾನರು ಕಾಗದ ಮಡಚಿದರು. ಬಾಳೆಹಣ್ಣು ಬಿಟ್ಟು ಹೋದರು. ಅವರು ಹೋದಮೇಲೆ ಹೆಂಡತಿ ಗಂಡನ ಮಂಚದ ಅಂಚಿಗೆ ಬಂದು ಕೂತಳು. "ಇಷ್ಟೆಲ್ಲ ಮಾತು ಎಲ್ಲಿತ್ರೀ?" ಎಂದಳು. ಅವನು ಆಗ ಮಾತ್ರ ಹಳೆಯ ಅಭ್ಯಾಸದಂತೆ "ಹೂಂ" ಎಂದ. ಹೊಟ್ಟೆಯೂ ಹೋಗಬಹುದು, ಕೆಲಸವೂ ಹೋಗಬಹುದು, ಎರಡನ್ನೂ ಒಂದೇ ಮಧ್ಯಾಹ್ನ ಪಣಕ್ಕಿಟ್ಟಿದ್ದ.

ಸೋಮವಾರ ಬೆಳಿಗ್ಗೆ ಹಸಿರು ಅಂಗಿ ತೊಡಿಸಿದರು. ಡಾಕ್ಟರಮ್ಮ ಕೊಟ್ಟ ಮಾತಿನಂತೆ ಎಕ್ಸ್-ರೇ ತೆಗೆಸಿದಳು. ಹಾಳೆ ಬೆಳಕಿಗೆ ಹಿಡಿದಳು, ಕಿವಿಯಿಂದ ಪೆನ್ನು ತೆಗೆದಳು, ಮತ್ತೆ ಸಿಕ್ಕಿಸಿದಳು.

"ಮೇಸ್ತ್ರಿಗಳೇ, ನಿಮ್ಮ ಮೊಳೆ ಬಾಗಿಲು ದಾಟಿದೆ. ದೊಡ್ಡ ಕರುಳಿಗೆ ಬಂದಿದೆ. ತಲೆ ಮುಂದೆ, ಮೊನೆ ಹಿಂದೆ!"

"ಅಂದ್ರೆ?" ಎಂದಳು ಹೆಂಡತಿ.

"ಅಂದ್ರೆ ಅಂಗಿ ಬಿಚ್ಚಿ ಅಂತ. ಇನ್ನು ಅಗಲವಾದ ರಸ್ತೆ."

ಕೆಟ್ಟ ಬೈಗುಳ ತಿಂದಾಗಲೆಲ್ಲ ಹೊಟ್ಟೆ ಕಲಕುತ್ತದೆ ಅನ್ನುತ್ತಾರೆ. ಬೈದರೂ ಕಲಕುತ್ತದೆ ಎಂದು ಚಿಕ್ಕಮ್ಮನ ಸಿದ್ಧಾಂತ: "ಭಾನುವಾರ ಆಡಿದ ಮಾತಿಗೇ ಅದು ಕದಲಿದ್ದು." ಡಾಕ್ಟರಮ್ಮ ಇದನ್ನು ಒಪ್ಪಲಿಲ್ಲ, ಅಲ್ಲಗಳೆಯಲೂ ಇಲ್ಲ.

ಬುಧವಾರ ಬೆಳಿಗ್ಗೆ ಮೊಳೆ ಬಂತು. ಜರಡಿ ತನ್ನ ಕೊನೆಯ ಸೇವೆ ಸಲ್ಲಿಸಿ ಕಸಕ್ಕೆ ಹೋಯಿತು.

ಶೆಡ್ಡಿನಲ್ಲಿ ಅವನ ಜಾಗ ಉಳಿದಿತ್ತು. ಯಜಮಾನರ ಮನಸ್ಸು ಕರಗಿತೆಂದು ತಿಳಿಯಬೇಡಿ. ಒಂಬತ್ತು ದಿನದಲ್ಲಿ ಅವರು ಇಬ್ಬರನ್ನು ಕರೆಸಿ ನೋಡಿದ್ದರು. ಇಬ್ಬರೂ ಹೊಡೆದ ಬಟ್ಟೆ ಅಜ್ಜಿಯ ಕೆನ್ನೆಯಂತೆ ಸುಕ್ಕುಗಟ್ಟಿತ್ತು. ಮೇಲಿನ ಕಚೇರಿಗೆ ಹೋದ ಕಾಗದದಲ್ಲಿ ಶೆಡ್ಡಿನಲ್ಲೇ ಆದದ್ದು ಎಂದೇ ಬರೆದಿತ್ತು. ಅದನ್ನು ನೋಡಲು ಒಬ್ಬ ಅಧಿಕಾರಿ ಬಂದು, ಪರದೆ ಸರಿಸಿ, ಇಪ್ಪತ್ಮೂರು ಎಣಿಸಿ, ಬರೆದುಕೊಂಡು ಹೋದ.

ಅವನು ಹೋದಮೇಲೆ ಮೇಸ್ತ್ರಿ ಜೇಬಿನಿಂದ ಒಂದು ಪೊಟ್ಟಣ ತೆಗೆದ.

"ಥೂ, ಅದನ್ನ ಇನ್ನೂ ಇಟ್ಕೊಂಡಿದೀಯಾ?" ಎಂದಳು ಚಿಕ್ಕಮ್ಮ.

"ಎರಡು ಸಲ ಕುದಿಸಿದೀನಿ. ಕುರ್ಚಿಗೆ ಇಪ್ಪತ್ನಾಲ್ಕು ಅಂದ್ರೆ ಇಪ್ಪತ್ನಾಲ್ಕು." ಖಾಲಿ ಜಾಗಕ್ಕೆ ಅದನ್ನು ಊರಿ ಹೊಡೆದ. ಟಕ್, ಠಣ್.

ಆ ಮೇಲೆ ಅವನು ಬಾಯಿಗೆ ಮೊಳೆ ಹಾಕಿಕೊಳ್ಳಲಿಲ್ಲ. ಚಿಕ್ಕಮ್ಮ ಮೆತ್ತೆಯ ಬಟ್ಟೆಯಲ್ಲೇ ಒಂದು ಮಣಿಕಟ್ಟಿನ ಪಟ್ಟಿ ಹೊಲಿದಳು, ಒಳಗೆ ಆ ಸ್ಪೀಕರಿನ ಆಯಸ್ಕಾಂತ. ಎಡಗೈ ಬಟ್ಟೆ ಎಳೆದು ಹಿಡಿದಿರುವಾಗಲೇ ಮಣಿಕಟ್ಟಿನ ಮೇಲೆ ಇಪ್ಪತ್ನಾಲ್ಕು ಮೊಳೆ ಮುಳ್ಳುಹಂದಿಯಂತೆ ಎದ್ದು ನಿಂತಿರುತ್ತವೆ. ಕೈ ಪಳಗಲು ಒಂದು ವಾರ ಹಿಡಿಯಿತು, ಅಷ್ಟೇ. ಮೂವತ್ತೊಂದು ವರ್ಷ ಆ ಆಯಸ್ಕಾಂತ ಅದೇ ಶೆಡ್ಡಿನ ನೆಲದ ಮೇಲೆ ಬಿದ್ದಿತ್ತು. ನೆಲಕ್ಕೆ ಬಿದ್ದ ಮೊಳೆ ಹಾಳಾಗಬಾರದೆಂದು ಯಜಮಾನರೇ ಇಡಿಸಿದ್ದು. ಬಾಯಿಗೆ ಬಿದ್ದ ಮೊಳೆಯ ಬಗ್ಗೆ ಯಾರಿಗೂ ಹೊಳೆದಿರಲಿಲ್ಲ. ನಾವೂ ಅಂಥ ಕುರ್ಚಿಗಳ ಮೇಲೆ ಕೂತೇ ನ್ಯಾಯ ನೀತಿ ಮಾತಾಡಿದವರು, ನಮಗೂ ಹೊಳೆದಿರಲಿಲ್ಲ.

ಒಂದೇ ತೊಂದರೆ. ಖಾಲಿಯಾದ ಬಾಯಿ ಈಗ ನಿಲ್ಲುವುದಿಲ್ಲ. ಬೆಳಕು ಸಾಲದು ಅನ್ನುತ್ತದೆ, ಧೂಳಿಗೆ ಕಿಟಕಿ ಬೇಕು ಅನ್ನುತ್ತದೆ, ಬಣ್ಣ ಬಳಿಯುವವನಿಗೆ ಮುಖಕ್ಕೆ ಕಟ್ಟಿಕೊಳ್ಳಲು ಏನಾದರೂ ಕೊಡಿ ಅನ್ನುತ್ತದೆ. ಕಿಟಕಿಯೊಂದು ಆಗಿದೆ. "ಮೊದಲೇ ಚೆನ್ನಾಗಿತ್ತು" ಎಂದು ಯಜಮಾನರು ಹಣೆ ಒತ್ತಿಕೊಳ್ಳುತ್ತಾರೆ. ಮನೆಯಲ್ಲಿ ಹೆಂಡತಿಯದೂ ಅದೇ ರಾಗ: "ಇಬ್ಬರೂ ಮಾತಾಡಿದ್ರೆ ಕೇಳೋ ಖಾತೆ ಯಾರಿಗೆ ಕೊಡೋದು?" ಹೇಳುವಾಗ ಮುಖದಲ್ಲಿ ದೂರು ಮಾತ್ರ ಇರುವುದಿಲ್ಲ.

ನಾಟಕಮಂದಿರ ತೆರೆದ ದಿನ ಯಜಮಾನರನ್ನು ಮೊದಲ ಸಾಲಿಗೆ ಕರೆದರು. ಆ ಸಾಲಿನ ನಡುವಿನ ಕುರ್ಚಿ ಯಾವುದೆಂದು ಹಿಂದಿನ ಗೋಡೆಗೆ ಒರಗಿ ನಿಂತಿದ್ದ ಮೇಸ್ತ್ರಿ, ಅವನ ಹೆಂಡತಿ, ಚಿಕ್ಕಮ್ಮ ಈ ಮೂವರಿಗೆ ಮಾತ್ರ ಗೊತ್ತಿತ್ತು. ಅದನ್ನು ಅಲ್ಲಿ ಜೋಡಿಸಿದ್ದು ಮೇಸ್ತ್ರಿಯೇ. ಯಜಮಾನರು ಧೊಪ್ಪನೆ ಕೂತರು. ಕುರ್ಚಿ ಕಿಟ್ ಎನ್ನಲಿಲ್ಲ.

ಚಿಕ್ಕಮ್ಮ ಮೇಸ್ತ್ರಿಯ ಕಿವಿಯ ಹತ್ತಿರ ಬಗ್ಗಿದಳು. "ಇನ್ಮೇಲೆ ಏನಾದ್ರೂ ಸದ್ದು ಬಂದ್ರೆ, ಕುರ್ಚೀದಂತೂ ಅಲ್ಲ."

ಅವನು ನಕ್ಕ. ತುಟಿ ಬಿಗಿಯದೆ, ಬಾಯಿ ಪೂರ್ತಿ ತೆರೆದು, ಮುಂದಿನ ಮೂರು ಸಾಲಿನವರು ತಿರುಗಿ ನೋಡುವ ಹಾಗೆ.